ನರೇಂದ್ರದ ತಂತಿ, ಕೈಗಾದ ಕಾಗದ

ಧಾರವಾಡದಿಂದ ಬೆಳಗಾವಿ ಕಡೆಗೆ ಹೊರಟವರಿಗೆ ಸ್ವಲ್ಪ ದೂರದಲ್ಲೇ ನರೇಂದ್ರ ಸಿಗುತ್ತದೆ. ಊರಿನ ಸುತ್ತ ಹೊಲ, ಹೊಲದ ನಡುವೆ ಉಕ್ಕಿನ ಎತ್ತರದ ಕಂಬಗಳು. ಪವರ್‌ಗ್ರಿಡ್‌ನವರ 400 ಕಿಲೋವೋಲ್ಟ್ ಸಬ್‌ಸ್ಟೇಷನ್ ಇರುವ ಊರಿದು. ಮುಂಗಾರಿನ ಜಿಟಿಜಿಟಿ ಮಳೆಯಲ್ಲಿ ಇಂಥ ತಂತಿಯ ಕೆಳಗೆ ನಿಂತರೆ ಗುಂಯ್ ಎನ್ನುವ ಸಣ್ಣ ಸದ್ದು ಕೇಳುತ್ತದೆ. ಹಸಿ ಗಾಳಿಗೆ ವಿದ್ಯುತ್ತು ಸೋರುವ ಸದ್ದು ಅದು. ಕೆಳಗೆ ಸೋಯಾಬೀನ್ ಕಳೆ ತೆಗೆಯುವ ಹೆಣ್ಣುಮಕ್ಕಳು ತಲೆ ಮೇಲೆ ಪ್ಲಾಸ್ಟಿಕ್ ಕೊಪ್ಪೆ ಹಾಕಿಕೊಂಡು ಬಗ್ಗಿರುತ್ತಾರೆ. ಆ ಸದ್ದಿಗೆ ಅವರ ಕಿವಿ ಹೊಂದಿಕೊಂಡು ವರ್ಷಗಳೇ ಆಗಿವೆ.

ಇಲ್ಲಿಗೆ ಬಂದು ಸೇರುವ ಮಾರ್ಗಗಳಲ್ಲಿ ಒಂದು ಕೈಗಾದಿಂದ ಹೊರಟದ್ದು. ಕಾಳಿ ನದಿಯ ಕಣಿವೆಯಲ್ಲಿ ಹುಟ್ಟಿದ ಕರೆಂಟು ಘಟ್ಟದ ಕಾಡು ಹಾಯ್ದು, ಬಯಲಿಗೆ ಬಂದು ಇಲ್ಲಿ ಮೊದಲ ಸಲ ಇಳಿಯುತ್ತದೆ. ಮುಂದೆ ಅದಕ್ಕೆ ಊರಿನ ಹೆಸರಿಲ್ಲ. ರಾಯಚೂರಿನ ಕಲ್ಲಿದ್ದಲ ಕರೆಂಟು, ಗದಗ ಕಡೆಯ ಗಾಳಿಗಿರಣಿಯ ಕರೆಂಟು, ಕಾಳಿಯ ಅಣೆಕಟ್ಟಿನ ಕರೆಂಟು ಎಲ್ಲ ಒಂದಾಗಿ ಹೆಸ್ಕಾಂ ಕಂಬ ಏರಿ ಕುಂದಗೋಳದ ಹಿಟ್ಟಿನ ಗಿರಣಿಗೂ ಅಣ್ಣಿಗೇರಿಯ ಜಿನ್ನಿಂಗ್ ಮಿಲ್ಲಿಗೂ ಹೋಗುತ್ತವೆ.

ಅಣ್ಣಿಗೇರಿ ಹತ್ತಿರದ ಹೊಲವೊಂದರ ಬದುವಿನಲ್ಲಿ ಕೂತು ಈ ಮಾತು ತೆಗೆದಾಗ, ಕಡಲೆ ಗಿಡದ ಹುಳಿ ಕೈಗೆ ಅಂಟಿದ್ದನ್ನು ಧೋತರಕ್ಕೆ ಒರೆಸಿಕೊಳ್ಳುತ್ತ ಒಬ್ಬ ಹಿರಿಯರು ಅಂದರು: “ಕೈಗಾದ್ದರ ಬರ್ಲಿ, ರಾಯಚೂರದ್ದರ ಬರ್ಲಿ, ಮೋಟರಕ್ಕ ಏಳ ತಾಸ ಥ್ರೀ ಫೇಜ್ ಸರಿಯಾಗಿ ಕೊಟ್ರ ಸಾಕ್ರಿ. ಉಳಿದದ್ದು ನಮಗೇನ ಗೊತ್ತಾಗ್ತೈತಿ?” ಟ್ರಾನ್ಸ್‌ಫಾರ್ಮರ್ ಸುಟ್ಟರೆ ವಾರಗಟ್ಟಲೆ ಕಾಯುವವರ ಮಾತು ಅದು. ಅದರಲ್ಲಿ ತಪ್ಪು ಹುಡುಕಲು ನನಗೆ ಮನಸ್ಸಿಲ್ಲ. ಆದರೆ ಉಳಿದದ್ದು ಗೊತ್ತಾಗಬೇಕು ಎಂಬುದು ನನ್ನ ಗಟ್ಟಿ ನಂಬಿಕೆ. ಧಾರವಾಡ ಜಿಲ್ಲೆಯಲ್ಲಿ ಅಣು ಸ್ಥಾವರವಿಲ್ಲ. ಅಣು ಸ್ಥಾವರಕ್ಕೆ ಅನುಮತಿ ಕೊಡುವ ಕಾಗದದಲ್ಲಿ ಈ ಜಿಲ್ಲೆಯ ಹೊಲಗಳಿಗೆ ಜಾಗವೂ ಇಲ್ಲ. ಕರೆಂಟು ಮಾತ್ರ ಬರುತ್ತದೆ.

ಕಲಘಟಗಿಗೆ ಬಂದರೆ ನೆಲದ ಬಣ್ಣ ಬದಲಾಗುತ್ತದೆ. ನವಲಗುಂದದ ಎರಿ, ಕುಂದಗೋಳದ ಮೆಣಸಿನಕಾಯಿ ಕಣ ಹಿಂದೆ ಉಳಿದು ಭತ್ತದ ಗದ್ದೆ, ತೇಗ, ಬಿದಿರುಮೆಳೆ ಮುಂದೆ ಬರುತ್ತವೆ. ಬಣ್ಣದ ಮರದ ತೊಟ್ಟಿಲಿಗೆ ಹೆಸರಾದ ಊರು ಇದು. ದೇವಿಕೊಪ್ಪದ ಕಾಡಿನ ಅಂಚಿನಲ್ಲಿ ಗೋವಿನಜೋಳ ಬೆಳೆದವರು ರಾತ್ರಿ ಅಟ್ಟಣಿಗೆ ಮೇಲೆ ಕಾವಲು ಕೂಡುತ್ತಾರೆ. ಧಾರವಾಡದ ಸೋಮೇಶ್ವರದಲ್ಲಿ ಹುಟ್ಟಿದ ಶಾಲ್ಮಲೆ, ಹುಬ್ಬಳ್ಳಿ ಕಡೆಯಿಂದ ಬರುವ ಹಳ್ಳ ಈ ತಾಲ್ಲೂಕಿನಲ್ಲಿ ಕೂಡಿ ಬೇಡ್ತಿ ಆಗುತ್ತದೆ. ಅದೇ ಮುಂದೆ ಗಂಗಾವಳಿ ಎನಿಸಿಕೊಂಡು ಸಮುದ್ರ ಸೇರುತ್ತದೆ.

ಈ ಬೇಡ್ತಿಗೆ ಒಂದು ಹಳೆಯ ಕತೆಯಿದೆ. ಅದಕ್ಕೆ ಅಡ್ಡಲಾಗಿ ಜಲವಿದ್ಯುತ್ ಅಣೆಕಟ್ಟು ಕಟ್ಟುವ ಯೋಜನೆ ಬಂದಾಗ, ಶಿರಸಿಯ ತೋಟಗಾರರು ತಮ್ಮ ಸಹಕಾರಿ ಸಂಘದ ಮೂಲಕ 1981ರ ಜನವರಿಯಲ್ಲಿ ವಿಜ್ಞಾನಿಗಳನ್ನೂ ಎಂಜಿನಿಯರುಗಳನ್ನೂ ಒಂದೆಡೆ ಕೂಡಿಸಿ ಲಾಭ ನಷ್ಟದ ಲೆಕ್ಕ ಹಾಕಿಸಿದರು. ಮುಳುಗುವ ಅಡಿಕೆ, ಮೆಣಸು, ಕಾಡು ಎಲ್ಲಕ್ಕೂ ಬೆಲೆ ಕಟ್ಟಿದ ಆ ಚರ್ಚೆಯ ನಂತರ ಯೋಜನೆ ಬದಿಗೆ ಸರಿಯಿತು. ಪರಿಸರ ಪರಿಣಾಮ ಅಂದಾಜು ಎಂಬ ಪ್ರಕ್ರಿಯೆ ಈ ದೇಶದಲ್ಲಿ ಕಡ್ಡಾಯವಾದದ್ದು 1994ರ ಜನವರಿಯಲ್ಲಿ. ಅದಕ್ಕೂ ಹದಿಮೂರು ವರ್ಷ ಮೊದಲೇ ಒಂದು ಅಡಿಕೆ ಸೊಸೈಟಿ ಆ ಕೆಲಸವನ್ನು ಜನರ ಎದುರಿಗೆ ಮಾಡಿ ತೋರಿಸಿತ್ತು. ನಮ್ಮ ಜಿಲ್ಲೆಯಲ್ಲಿ ಹುಟ್ಟುವ ನದಿಯ ಕತೆಯಾದ್ದರಿಂದ ಇದನ್ನು ಇಲ್ಲಿಯ ಶಾಲೆಗಳಲ್ಲಿ ಹೇಳಬೇಕು.

ಕಲಘಟಗಿ ದಾಟಿ, ಕಿರವತ್ತಿ ದಾಟಿ, ಯಲ್ಲಾಪುರದಲ್ಲಿ ಅಂಕೋಲಾದ ದಾರಿ ಬಿಟ್ಟು ಕೈಗಾದ ದಾರಿ ಹಿಡಿದರೆ ಲಾರಿಗಳ ಸದ್ದು ನಿಲ್ಲುತ್ತದೆ. ರಸ್ತೆ ಸುತ್ತಿಸುತ್ತಿ ಘಟ್ಟ ಇಳಿಯುತ್ತದೆ. ಮೇಲೆ ಮರದ ತುದಿಯಲ್ಲಿ ಮಂಗಟ್ಟೆ ಹಾರಿದರೆ ರೆಕ್ಕೆಯ ಬೀಸು ಕೆಳಗಿನವರೆಗೆ ಕೇಳಿಸುತ್ತದೆ. ಮಣ್ಣು ಜಾರಿದ ಗುಡ್ಡದ ಕೆಂಪು ಗಾಯಗಳು ಅಲ್ಲಲ್ಲಿ ಕಾಣುತ್ತವೆ. ಇಳಿದು ಮುಗಿದಾಗ ಕಾಡಿನ ನಡುವೆ ಗುಮ್ಮಟಗಳು, ಚಿಮಣಿ, ಬೇಲಿ, ಕಾವಲಿನ ಗೇಟು. ಪಕ್ಕದಲ್ಲಿ ಕದ್ರಾ ಜಲಾಶಯದ ಹಸಿರು ನೀರು. ಜೋಯಿಡಾದ ಡಿಗ್ಗಿಯಲ್ಲಿ ಹುಟ್ಟಿ ಕಾರವಾರದಲ್ಲಿ ಕಡಲು ಸೇರುವ ಕಾಳಿ 184 ಕಿಲೋಮೀಟರ್ ಉದ್ದದ ಚಿಕ್ಕ ನದಿ. ಅದರ ಮೇಲೆ ಸೂಪಾ, ಬೊಮ್ಮನಹಳ್ಳಿ, ಕೊಡಸಳ್ಳಿ, ಕದ್ರಾ ಅಣೆಕಟ್ಟುಗಳು, ದಡದಲ್ಲಿ ಅಣು ಸ್ಥಾವರ. ಅದು ಕಡಲು ಸೇರುವ ಕಾರವಾರದಲ್ಲಿ ಸೀಬರ್ಡ್ ನೌಕಾನೆಲೆ. ಒಂದೇ ಜಿಲ್ಲೆಯ ಜನ ಇಷ್ಟಕ್ಕೂ ನೆಲ ಬಿಟ್ಟುಕೊಟ್ಟಿದ್ದಾರೆ.

1980ರ ದಶಕದಲ್ಲಿ ಇಲ್ಲಿ ಸ್ಥಾವರ ಬೇಡ ಎಂದು ಹೋರಾಡಿದವರ ಮುಂದೆ ಶಿವರಾಮ ಕಾರಂತರಿದ್ದರು. ಎಂಬತ್ತೇಳರ ಹತ್ತಿರದ ವಯಸ್ಸಿನಲ್ಲಿ, 1989ರ ಲೋಕಸಭಾ ಚುನಾವಣೆಗೆ ಉತ್ತರ ಕನ್ನಡದಿಂದ ಪರಿಸರದ ಹೆಸರಲ್ಲಿ ನಿಂತು ಸೋತರು. ಹೊನ್ನಾವರದ ಕುಸುಮಾ ಸೊರಬ ಹಳ್ಳಿಹಳ್ಳಿ ನಡೆದರು. ಅದೇ ವರ್ಷ ಕಾಮಗಾರಿ ಶುರುವಾಯಿತು. ಆಗ ಜನರನ್ನು ಕೇಳಲೇಬೇಕು ಎಂಬ ಕಾನೂನೇ ಇರಲಿಲ್ಲ.

1994ರ ಮೇ 13ರಂದು ಮೊದಲ ಘಟಕದ ಗುಮ್ಮಟದ ಒಳಮೈಯ ಕಾಂಕ್ರೀಟು ಕಳಚಿ ಕೆಳಗೆ ಬಿತ್ತು. ಇಂಧನ ತುಂಬುವ ಮೊದಲೇ ಬಿದ್ದದ್ದರಿಂದ ವಿಕಿರಣದ ಮಾತು ಬರಲಿಲ್ಲ. ಕೆಲಸಗಾರರಿಗೆ ಗಾಯಗಳಾದವು, ಕೆಲಸ ನಿಂತಿತು, ಗುಮ್ಮಟದ ವಿನ್ಯಾಸ ಬದಲಾಯಿತು. 2000ನೇ ಇಸವಿಯಲ್ಲಿ ಎರಡು ಘಟಕ, 2007ರಲ್ಲಿ ಮೂರನೆಯದು, 2011ರಲ್ಲಿ ನಾಲ್ಕನೆಯದು ಕರೆಂಟು ಕೊಡತೊಡಗಿದವು. ಒಂದೊಂದೂ 220 ಮೆಗಾವಾಟ್, ಒಟ್ಟು 880. 2009ರ ನವೆಂಬರಿನಲ್ಲಿ ಒಳಗಿನ ಕುಡಿಯುವ ನೀರಿನ ಕೂಲರಿಗೆ ಯಾರೋ ಟ್ರಿಟಿಯಂ ಇರುವ ಭಾರಜಲ ಬೆರೆಸಿ, ಐವತ್ತಕ್ಕೂ ಹೆಚ್ಚು ನೌಕರರ ಮೈಯಲ್ಲಿ ಅದು ಪತ್ತೆಯಾಯಿತು. ಇದರ ಜೊತೆಗೇ ಹೇಳಬೇಕಾದ ಇನ್ನೊಂದು ಸಂಗತಿ: ಅದೇ ಮೊದಲ ಘಟಕ 2016ರ ಮೇ 13ರಂದು ಚಾಲೂ ಆದದ್ದು 2018ರ ಡಿಸೆಂಬರ್ 31ರವರೆಗೆ 962 ದಿನ ಎಲ್ಲೂ ನಿಲ್ಲದೆ ಓಡಿ ಜಗತ್ತಿನ ದಾಖಲೆ ಮಾಡಿತು. ಅಲ್ಲಿಯ ಎಂಜಿನಿಯರುಗಳು, ಕೆಲಸಗಾರರು ಹೆಮ್ಮೆಪಡಬೇಕಾದ ಕೆಲಸ ಅದು. ಭಯವನ್ನೂ ಹೆಮ್ಮೆಯನ್ನೂ ಒಟ್ಟಿಗೆ ಇಟ್ಟುಕೊಂಡೇ ಕೈಗಾದ ಮಾತಾಡಬೇಕು.

ಆ ದಾಖಲೆಯ ಓಟ ನಡೆದಿದ್ದಾಗಲೇ, 2018ರ ಡಿಸೆಂಬರ್ 15ರಂದು, ಕೈಗಾ ಟೌನ್‌ಶಿಪ್ ಇರುವ ಮಲ್ಲಾಪುರದಲ್ಲಿ ಐದು ಮತ್ತು ಆರನೇ ಘಟಕಗಳಿಗಾಗಿ ಸಾರ್ವಜನಿಕ ಅಹವಾಲು ಸಭೆ ನಡೆಯಿತು. ಒಂದೊಂದು ಘಟಕ 700 ಮೆಗಾವಾಟ್. ಅಂದರೆ ಇರುವ ನಾಲ್ಕು ಘಟಕಗಳನ್ನು ಕೂಡಿಸಿದರೂ ಈ ಎರಡರ ಸಮಕ್ಕೆ ಬರುವುದಿಲ್ಲ.

ಇಂಥ ಸಭೆ ಹೇಗೆ ನಡೆಯಬೇಕು ಎಂಬುದನ್ನು 2006ರ ಸೆಪ್ಟೆಂಬರ್ 14ರ ಕೇಂದ್ರದ ಅಧಿಸೂಚನೆ ಹೇಳುತ್ತದೆ. ಮೂವತ್ತು ದಿನ ಮೊದಲು ಪತ್ರಿಕೆಯಲ್ಲಿ ಪ್ರಕಟಣೆ ಬರಬೇಕು. ಪರಿಸರ ಪರಿಣಾಮ ಅಂದಾಜಿನ ವರದಿಯ ಪ್ರತಿ ಜಿಲ್ಲಾಧಿಕಾರಿ ಕಚೇರಿ, ಜಿಲ್ಲಾ ಪಂಚಾಯಿತಿಗಳಲ್ಲಿ ಜನರ ಕೈಗೆ ಸಿಗಬೇಕು. ಸಭೆ ಯೋಜನೆಯ ಜಾಗದಲ್ಲೇ ಅಥವಾ ತೀರ ಹತ್ತಿರ ನಡೆಯಬೇಕು. ಜಿಲ್ಲಾಧಿಕಾರಿಯೋ ಅವರ ಪರವಾಗಿ ಹಿರಿಯ ಅಧಿಕಾರಿಯೋ ಅಧ್ಯಕ್ಷತೆ ವಹಿಸಬೇಕು. ಮಾಲಿನ್ಯ ನಿಯಂತ್ರಣ ಮಂಡಳಿಯವರು ಎಲ್ಲವನ್ನೂ ವಿಡಿಯೊ ಮಾಡಬೇಕು. ಕೊನೆಗೆ, ಜನ ಏನೇನು ಹೇಳಿದರೋ ಅದನ್ನು ಬರೆದು, ಎದ್ದು ಹೋಗುವ ಮೊದಲೇ ಅವರದೇ ನುಡಿಯಲ್ಲಿ ಓದಿ ಹೇಳಬೇಕು.

ನನಗೆ ಈ ಕೊನೆಯ ಸಾಲು ಬಹಳ ದೊಡ್ಡದಾಗಿ ಕಾಣುತ್ತದೆ. ಶಾಮಿಯಾನದ ಕೆಳಗೆ ಪ್ಲಾಸ್ಟಿಕ್ ಕುರ್ಚಿಗಳ ಸಾಲು, ಬದಿಯಲ್ಲಿ ಪೊಲೀಸರು, ವೇದಿಕೆಯ ಮೇಲೆ ನೀರಿನ ಬಾಟಲಿ, ಕಡತ. ಗದ್ದೆ ಕೊಯ್ಲು ಬಿಟ್ಟು ಬಂದ ಹೆಂಗಸು ಮೈಕಿನ ಮುಂದೆ ನಿಂತು, ತನ್ನ ಕೇರಿಯಲ್ಲಿ ಕ್ಯಾನ್ಸರಿನಿಂದ ಸತ್ತವರ ಮಾತು ಎತ್ತುತ್ತಾಳೆ. ಆಕೆಯ ಅನುಮಾನ ನಿಜವೋ ಅಲ್ಲವೋ ಎಂಬುದು ವೈದ್ಯರು ಅಳೆದು ಹೇಳಬೇಕಾದ ಸಂಗತಿ. ಆದರೆ ಆಕೆ ಕೇಳಿದಳು ಎಂಬುದು ಸರಕಾರದ ದಾಖಲೆಯಲ್ಲಿ ನಿಲ್ಲಬೇಕು, ಅದಕ್ಕೆ ಉತ್ತರ ವರದಿಯಲ್ಲಿ ಬರಬೇಕು. ಅಣು ಸ್ಥಾವರದ ಇಡೀ ಅನುಮತಿಯ ದಾರಿಯಲ್ಲಿ ಸಾಮಾನ್ಯ ಮನುಷ್ಯನ ದನಿಗೆ ಕಾನೂನು ಕಡ್ಡಾಯವಾಗಿ ತೆರೆದಿಟ್ಟಿರುವುದು ಆ ಒಂದೇ ದಿನ. ಮಲ್ಲಾಪುರದಲ್ಲಿ ಅಂದು ಮಾತಾಡಿದವರಲ್ಲಿ ಹೆಚ್ಚಿನವರು ಹೊಸ ಘಟಕ ಬೇಡ ಎಂದರು. ಎಂಟು ತಿಂಗಳ ನಂತರ, 2019ರ ಆಗಸ್ಟ್‌ನಲ್ಲಿ, ಕೇಂದ್ರದ ಪರಿಸರ ಅನುಮತಿ ಬಂತು.

ಅದೇ ಆಗಸ್ಟ್‌ನಲ್ಲಿ ಮಲೆನಾಡಿನ ಮಳೆಗೆ ಕಾಳಿ ಉಕ್ಕಿತು. ಕದ್ರಾದಿಂದ ಬಿಟ್ಟ ನೀರು ಕೆಳಗಿನ ದಡದ ಮನೆಗಳಿಗೆ ನುಗ್ಗಿತು. 2021ರ ಜುಲೈನಲ್ಲಿ ಮತ್ತೆ ನುಗ್ಗಿತು. ಆ ಮಳೆಯಲ್ಲೇ ಯಲ್ಲಾಪುರ ತಾಲ್ಲೂಕಿನ ಕಳಚೆಯಲ್ಲಿ ಗುಡ್ಡಗಳು ತೋಟಗಳ ಸಮೇತ ಜಾರಿದವು. ಅಡಿಕೆ ಮರಗಳು ನಿಂತ ಭಂಗಿಯಲ್ಲೇ ಇಳಿದು ಬಂದದ್ದನ್ನು ಊರವರು ಇಂದಿಗೂ ಹೇಳುತ್ತಾರೆ. 2018ರಲ್ಲಿ ಜನರ ಮುಂದಿಟ್ಟ ವರದಿಗೆ ಈ ಎರಡು ಮಳೆಗಾಲ ಗೊತ್ತಿರಲು ಸಾಧ್ಯವೇ ಇರಲಿಲ್ಲ. 2022ರ ಏಪ್ರಿಲ್‌ನಲ್ಲಿ ಕೇಂದ್ರ ಸರಕಾರ ಅಣು ವಿದ್ಯುತ್ ಯೋಜನೆಗಳ ಪರಿಸರ ಅನುಮತಿಯ ಆಯುಷ್ಯವನ್ನು 15 ವರ್ಷಕ್ಕೆ ಏರಿಸಿತು. ಘಟ್ಟದ ಮಳೆಯ ಸ್ವಭಾವವೇ ಬದಲಾಗುತ್ತಿರುವಾಗ ಹದಿನೈದು ವರ್ಷಕ್ಕೆ ಒಂದೇ ಕಾಗದ ಎನ್ನುವುದು ನನಗೆ ಒಪ್ಪಿಗೆಯಾಗುವುದಿಲ್ಲ. ಕಳಚೆ ಜಾರಿದ ಮಾರನೇ ತಿಂಗಳೇ ಆ ವರದಿಯ ಗುಡ್ಡ ಮತ್ತು ನೀರಿನ ಅಧ್ಯಾಯಗಳನ್ನು ತೆರೆದು ಮತ್ತೆ ಬರೆಸಬೇಕಿತ್ತು.

ಇನ್ನು ವೃತ್ತಗಳ ಮಾತು. ಸ್ಥಾವರದ ನಕ್ಷೆಯ ಮೇಲೆ ಪರಮಾಣು ಶಕ್ತಿ ನಿಯಂತ್ರಣ ಮಂಡಳಿಯ ನಿಯಮ ಕೈವಾರದಿಂದ ಗೆರೆ ಎಳೆಯುತ್ತದೆ. ಕನಿಷ್ಠ 1 ಕಿಲೋಮೀಟರಿನೊಳಗೆ ಯಾರೂ ವಾಸಿಸುವಂತಿಲ್ಲ. 5 ಕಿಲೋಮೀಟರಿನೊಳಗೆ ಜನವಸತಿ ತಾನಾಗಿ ಬೆಳೆದಷ್ಟೇ, ಬೆಳೆಸುವಂತಿಲ್ಲ. 16 ಕಿಲೋಮೀಟರಿನವರೆಗೆ ತುರ್ತು ಸ್ಥಿತಿಯ ತಯಾರಿ. 30 ಕಿಲೋಮೀಟರಿನವರೆಗೆ ನೀರು, ಹಾಲು, ಮೀನು, ಸೊಪ್ಪಿನ ಮಾದರಿ ತೆಗೆದು ವಿಕಿರಣ ಅಳೆಯುವ ಕೆಲಸ. ಕಲಘಟಗಿ ಕೈಗಾದಿಂದ ಹಕ್ಕಿ ಹಾರುವ ದಾರಿಯಲ್ಲಿ ಅರವತ್ತು ಕಿಲೋಮೀಟರಿಗೂ ಹೆಚ್ಚು ದೂರ, ನವಲಗುಂದ ಅದರ ಸುಮಾರು ಎರಡು ಪಟ್ಟು. ಎಲ್ಲ ವೃತ್ತಗಳ ಹೊರಗೆ ನಾವಿದ್ದೇವೆ.

ಸಾಮಾನ್ಯ ದಿನಗಳಲ್ಲಿ ಆ ದೂರ ಸಾಕು. ಜನರಿಗೆ ತಗಲಬಹುದಾದ ವಿಕಿರಣಕ್ಕೆ ಮಂಡಳಿ ಹಾಕಿರುವ ಮಿತಿ ವರ್ಷಕ್ಕೆ 1 ಮಿಲಿಸೀವರ್ಟ್. ಓಡುತ್ತಿರುವ ಸ್ಥಾವರದಿಂದ ಕಲಘಟಗಿಯ ಗದ್ದೆಗೆ ಕೇಡು ಎಂದು ಹೆದರಿಸುವುದು ಸುಳ್ಳಾಗುತ್ತದೆ. ಆದರೆ ಅಂದಾಜು ಮಾಡುವುದೇ ಅಸಾಮಾನ್ಯ ದಿನಕ್ಕಾಗಿ. 2011ರ ಮಾರ್ಚ್ 11ರ ನಂತರ ಜಪಾನಿನ ಫುಕುಶಿಮಾದಲ್ಲಿ 20 ಕಿಲೋಮೀಟರಿನೊಳಗಿನವರನ್ನು ಖಾಲಿ ಮಾಡಿಸಿದರು. ಸುಮಾರು 40 ಕಿಲೋಮೀಟರ್ ದೂರದ, ಬೇಸಾಯ ಮತ್ತು ದನಕರುಗಳ ಊರಾದ ಈತಾತೆ ಎಂಬ ಹಳ್ಳಿ ಮೊದಲು ಸುರಕ್ಷಿತ ಎನಿಸಿಕೊಂಡಿತ್ತು. ಗಾಳಿ ಆ ಕಡೆ ಬೀಸಿತು, ಮಳೆ ಹಿಮ ಸುರಿಯಿತು, ತಿಂಗಳ ಮೇಲೆ ಆ ಊರನ್ನೂ ಬಿಡಿಸಬೇಕಾಯಿತು. ಕೈಗಾದಿಂದ ನಮ್ಮ ಜಿಲ್ಲೆ ಈಶಾನ್ಯಕ್ಕಿದೆ. ಮುಂಗಾರಿನ ನಾಲ್ಕು ತಿಂಗಳು ಗಾಳಿ ಬೀಸುವುದು ನೈರುತ್ಯದಿಂದ, ಪಡುವಣದಿಂದ. ರೋಹಿಣಿ ಮಳೆಗೆ ಮುಗಿಲು ನೋಡುವ ಪ್ರತಿಯೊಬ್ಬ ರೈತನಿಗೂ ಆ ದಿಕ್ಕು ಗೊತ್ತು. ಕೈವಾರದ ಗೆರೆಗೆ ಆ ದಿಕ್ಕು ಗೊತ್ತಿರುವುದಿಲ್ಲ.

ನವಲಗುಂದದಲ್ಲಿ ಅನುಮತಿಯ ಮಾತಿಗೆ ಬೇರೆಯದೇ ಬಿಸಿ ಇದೆ. 1980ರ ಜುಲೈ 21ರಂದು ನೀರಿನ ಕರದ ವಿರುದ್ಧ ಎದ್ದ ರೈತರ ಮೇಲೆ ಗೋಲಿಬಾರ್ ಆದ ನೆಲ ಇದು. ಇಂದಿಗೂ ಆ ದಿನ ಹುತಾತ್ಮರಿಗೆ ಹೂ ಏರುತ್ತದೆ. ಬೆಣ್ಣಿಹಳ್ಳ ಮಳೆಗಾಲದಲ್ಲಿ ಹೊಲ ಕೊಚ್ಚುತ್ತದೆ, ಬೇಸಿಗೆಯಲ್ಲಿ ಕುಡಿಯಲು ನೀರಿಲ್ಲ. ಆ ನೀರಿಗಾಗಿ ಇಲ್ಲಿಯವರು ನೋಡುವುದು ಮಹದಾಯಿ ನದಿಯ ಕಡೆಗೆ. ಮಹದಾಯಿ ನ್ಯಾಯಮಂಡಳಿ 2018ರ ಆಗಸ್ಟ್ 14ರಂದು ಕರ್ನಾಟಕಕ್ಕೆ ಒಟ್ಟು 13.42 ಟಿ.ಎಂ.ಸಿ. ಕೊಟ್ಟು, ಅದರಲ್ಲಿ ಕಳಸಾ, ಬಂಡೂರಿ ಹಳ್ಳಗಳಿಂದ ಮಲಪ್ರಭೆಗೆ ತಿರುಗಿಸಲು 3.9 ಟಿ.ಎಂ.ಸಿ. ಎಂದಿತು. 2022ರ ಡಿಸೆಂಬರಿನಲ್ಲಿ ಕೇಂದ್ರ ಜಲ ಆಯೋಗ ಯೋಜನಾ ವರದಿಗೆ ಒಪ್ಪಿತು. 2024ರ ಜನವರಿಯಲ್ಲಿ ರಾಷ್ಟ್ರೀಯ ವನ್ಯಜೀವಿ ಮಂಡಳಿ ಅದನ್ನು ಮುಂದಕ್ಕೆ ಹಾಕಿತು. ಹೀಗಾಗಿ ಇಲ್ಲಿಯ ಚಹಾದಂಗಡಿಯಲ್ಲಿ ಗೆಜೆಟ್, ಡಿ.ಪಿ.ಆರ್., ಕ್ಲಿಯರೆನ್ಸ್ ಎಂಬ ಮಾತುಗಳು ಬಾಯಿಪಾಠ.

“ಕೈಗಾಕ್ಕ ಎಂಟ ತಿಂಗಳದಾಗ ಸಿಗತೈತಿ. ಇದ ನರೇಂದ್ರದಿಂದ ಗೋವಾಕ್ಕ ವಾಯರ್ ಎಳ್ಯಾಕ ನಮ್ಮ ಕಾಡ ಕಡಿಯೋದಕ್ಕ ದಾರಿ ಸಿಗತೈತಿ. ನಮ್ಮ ಕುಡಿಯೋ ನೀರಿಗೆ ಯಾಕ ಸಿಗವಲ್ದು, ಹೇಳ್ರಿ?” ಎಂದು ಚಳವಳಿಯಲ್ಲಿ ತಲೆ ನೆರೆತ ಒಬ್ಬರು ಕೇಳಿದರು. ಸುತ್ತ ಕೂತವರು ನನ್ನ ಮುಖ ನೋಡಿದರು.

ಆ ಪ್ರಶ್ನೆಯ ನೋವು ನ್ಯಾಯವಾದದ್ದು. ಕಾಡಿನ ಮೇಲೆ ಕೈ ಇಡುವ ಮೊದಲು ಪ್ರಶ್ನೆ ಕೇಳಲೇಬೇಕು. ಕಳಸಾ ಹರಿಯುವ ಕಣಕುಂಬಿಯ ಕಾಡಿಗೂ ಕೈಗಾದ ಕಾಡಿಗೂ ಅದೇ ಪ್ರಶ್ನೆ, ಅದೇ ಅಳತೆ, ಅದೇ ತಾಳ್ಮೆ ಬೇಕು. ಒಂದಕ್ಕೆ ಅವಸರ, ಇನ್ನೊಂದಕ್ಕೆ ವರ್ಷಗಟ್ಟಲೆ ಮೌನ ಎಂದಾದರೆ ಜನ ಪರಿಸರ ಎಂಬ ಮಾತನ್ನೇ ದ್ವೇಷಿಸತೊಡಗುತ್ತಾರೆ. ನವಲಗುಂದದ ಆ ಅಂಗಡಿಯಲ್ಲಿ ನಾನು ಕಂಡದ್ದು ಆ ದ್ವೇಷದ ಮೊಳಕೆ, ಅದು ನನ್ನನ್ನು ಕಳವಳಕ್ಕೀಡುಮಾಡಿದೆ.

ಪರಿಸರ ಅನುಮತಿ ಬಂದಮೇಲೂ ಸ್ಥಾವರಕ್ಕೆ ಲೈಸೆನ್ಸಿನ ದಾರಿ ಉಳಿದಿರುತ್ತದೆ. 1983ರ ನವೆಂಬರಿನಲ್ಲಿ ಹುಟ್ಟಿದ ನಿಯಂತ್ರಣ ಮಂಡಳಿ ಮೊದಲು ಜಾಗಕ್ಕೆ, ಆಮೇಲೆ ಕಟ್ಟಲು, ಆಮೇಲೆ ಇಂಧನ ತುಂಬಿ ಚಾಲೂ ಮಾಡಲು, ಕೊನೆಗೆ ಓಡಿಸಲು ಒಂದೊಂದಾಗಿ ಸಮ್ಮತಿ ಕೊಡುತ್ತದೆ. ಐದನೇ, ಆರನೇ ಘಟಕದ ಅಡಿಪಾಯದ ಅಗೆತಕ್ಕೆ 2022ರಲ್ಲಿ ಸಮ್ಮತಿ ಬಂದು ಕೆಲಸ ಹಿಡಿದಿದೆ. ಓಡುವ ಸ್ಥಾವರದ ಲೈಸೆನ್ಸನ್ನು ಮತ್ತೆ ಮತ್ತೆ ನವೀಕರಿಸಬೇಕು. ಹತ್ತು ವರ್ಷಕ್ಕೊಮ್ಮೆ ಇಡೀ ಸುರಕ್ಷತೆಯ ಮರುಪರಿಶೀಲನೆ ಆಗಬೇಕು. ಕಟ್ಟುನಿಟ್ಟಾದ ಕೆಲಸ, ಬಲ್ಲವರ ಕೆಲಸ. ಆದರೆ ಈ ಹಂತಗಳಲ್ಲಿ ಎಲ್ಲಿಯೂ ಜನರನ್ನು ಕರೆದು ಕೂಡಿಸುವ ಕಡ್ಡಾಯವಿಲ್ಲ. ಕೈಗಾದ ಭಾರಜಲ ರಿಯಾಕ್ಟರುಗಳ ಮೂಲ ತಳಿ ಕೆನಡಾದ್ದು. ಅದೇ ಕೆನಡಾದಲ್ಲಿ ಹಳೆಯ ಸ್ಥಾವರದ ಲೈಸೆನ್ಸ್ ನವೀಕರಣಕ್ಕೂ ಬಹಿರಂಗ ವಿಚಾರಣೆ ನಡೆಯುತ್ತದೆ, ಸುತ್ತಲಿನವರು ಹೋಗಿ ಮಾತಾಡುತ್ತಾರೆ. ಯಂತ್ರವನ್ನು ಅಲ್ಲಿಂದ ಕಲಿತವರು ಈ ಪದ್ಧತಿಯನ್ನೂ ಕಲಿಯಬಹುದು.

2025ರ ಡಿಸೆಂಬರಿನಲ್ಲಿ ಸಂಸತ್ತು ಒಪ್ಪಿದ ‘ಶಾಂತಿ’ ಕಾಯ್ದೆ 1962ರ ಪರಮಾಣು ಶಕ್ತಿ ಕಾಯ್ದೆಯನ್ನು ಬದಿಗೆ ಸರಿಸಿ ಖಾಸಗಿ ಕಂಪನಿಗಳಿಗೂ ಈ ಕ್ಷೇತ್ರವನ್ನು ತೆರೆದಿದೆ. ನಿಯಂತ್ರಣ ಮಂಡಳಿಗೆ ಕಾನೂನಿನ ಸ್ಥಾನ ಕೊಟ್ಟಿದೆ. 2047ರ ಹೊತ್ತಿಗೆ 100 ಗಿಗಾವಾಟ್ ಅಣು ವಿದ್ಯುತ್ ಎಂಬುದು ಕೇಂದ್ರದ ಗುರಿ. ಗದಗದಾಚೆಯ ಕೊಪ್ಪಳ ಜಿಲ್ಲೆಯಲ್ಲೂ ಜಾಗ ನೋಡುತ್ತಿದ್ದಾರೆ ಎಂಬ ಸುದ್ದಿ 2025ರಲ್ಲಿ ಪತ್ರಿಕೆಗಳಲ್ಲಿ ಬಂದು ಅಲ್ಲಿಯವರು ಬೀದಿಗಿಳಿದರು. ಘಟ್ಟದ ಕೆಳಗಿನ ಸಂಗತಿ ಎಂದುಕೊಂಡದ್ದು ಬಯಲಿಗೂ ಬರುತ್ತಿದೆ.

ಆದ್ದರಿಂದ ಅಧಿಕಾರದಲ್ಲಿರುವವರಲ್ಲಿ ನನ್ನ ಬೇಡಿಕೆ ಸ್ಪಷ್ಟವಾಗಿದೆ. ಸಾರಾಂಶವಷ್ಟೇ ಅಲ್ಲ, ಪೂರ್ತಿ ವರದಿ ಕನ್ನಡದಲ್ಲಿ ಬರಲಿ. ನಿಯಂತ್ರಣ ಮಂಡಳಿಯ ಪ್ರತಿ ಹಂತದ ಸಮ್ಮತಿಗೂ ಮೊದಲು ಬಹಿರಂಗ ಸಭೆ ನಡೆಯಲಿ, ಒಂದು ಸಭೆ ಗಾಳಿಯ ದಿಕ್ಕಿನಲ್ಲಿರುವ ಕಲಘಟಗಿಯಲ್ಲೂ ಆಗಲಿ. ಅನುಮತಿಯನ್ನು ಪ್ರಶ್ನಿಸುವವರು ಮೂವತ್ತು ದಿನದೊಳಗೆ ಚೆನ್ನೈನ ಹಸಿರು ಪೀಠದ ಬಾಗಿಲಿಗೆ ಓಡಬೇಕಾದ ಸ್ಥಿತಿ ಬದಲಾಗಲಿ. ಧಾರವಾಡದಲ್ಲಿ ಹೈಕೋರ್ಟ್ ಪೀಠ ಇರಬಹುದಾದರೆ ಹಸಿರು ಪೀಠದ ಕಲಾಪವೂ ಇಲ್ಲಿ ಕೂಡಬಹುದು.

ಓದುಗರಲ್ಲೂ ಒಂದು ಮಾತು. ಅಹವಾಲು ಸಭೆ ಸ್ಥಳೀಯರಿಗೆ ಎಂದಿದ್ದರೂ, ಸಂಬಂಧವಿರುವ ಬೇರೆ ಯಾರು ಬೇಕಾದರೂ ಬರಹದಲ್ಲಿ ಅಭಿಪ್ರಾಯ ಕಳಿಸಬಹುದು ಎಂದು ಅದೇ 2006ರ ಅಧಿಸೂಚನೆ ಹೇಳುತ್ತದೆ. ಕನ್ನಡದಲ್ಲೇ ಬರೆಯಿರಿ. ಅನುಮತಿ ಪಡೆದ ಯೋಜನೆಯವರು ಷರತ್ತುಗಳನ್ನು ಎಷ್ಟು ಪಾಲಿಸಿದ್ದೇವೆ ಎಂಬ ವರದಿಯನ್ನು ಪ್ರತಿವರ್ಷ ಜೂನ್ 1 ಮತ್ತು ಡಿಸೆಂಬರ್ 1ಕ್ಕೆ ಸಲ್ಲಿಸಬೇಕು, ಅದು ಸಾರ್ವಜನಿಕ ದಾಖಲೆ. ನಿಮ್ಮ ಗ್ರಾಮ ಪಂಚಾಯಿತಿಯ ಓದುವ ಮನೆಗೆ ಕೈಗಾದ ಆ ವರದಿಯ ಒಂದು ಪ್ರತಿ ತರಿಸಿ, ಹುಡುಗರಿಂದ ಓದಿಸಿ ಕೇಳಿ.